ಪಟಿಕದ ಬಿಳುಪು

ಗಡ್ಡ ಹೆರೆಯುವಾಗ ಗಂಡ ಕೆನ್ನೆ ಕೊಯ್ದುಕೊಂಡ. "ಬಿಸಿನೀರು ತರೋಕೆ ಇಷ್ಟೊತ್ತೇನೇ?" ಎಂದು ದೇವಕಿಯ ಬಾಯಿಗೇ ಗುದ್ದಿದ. ತುಟಿ ಒಡೆದು ರಕ್ತ ಇಳಿಯಿತು.

ಅಷ್ಟರಲ್ಲಿ ಹೊರಗೆ ಅವಳಪ್ಪನ ದನಿ ಕೇಳಿತು. ಗಂಡ ಗಾಬರಿಯಾಗಿ, ತನ್ನ ಗಾಯಕ್ಕೆ ಉಜ್ಜುತ್ತಿದ್ದ ಪಟಿಕವನ್ನೇ ಅವಳ ತುಟಿಗೆ ಒತ್ತಿಹಿಡಿದ. ಉರಿ ನೆತ್ತಿಗೇರಿತು, ರಕ್ತ ನಿಂತಿತು.

"ಬಾಯಿ ಬಿಟ್ರೆ ಕೊಂದ್ಬಿಡ್ತೀನಿ."

ಕ್ಷೌರ ಮಾಡುತ್ತಲೇ ಮುದುಕನಾದ ಅಪ್ಪ, ಮಗಳ ತುಟಿಯ ಮೇಲೆ ಒಣಗಿದ್ದ ಬಿಳುಪನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ.

"ಏನವ್ವ ಇದು?"

"ಎಡವಿ ಬಿದ್ದೆ ಕಣಪ್ಪ."

ಅವನು ಅಳಿಯನ ಕೆನ್ನೆಯ ಗಾಯದ ಮೇಲಿದ್ದ ಅದೇ ಬಿಳುಪನ್ನು ನೋಡಿದ. ಚೀಲದಿಂದ ಕತ್ತಿ ತೆಗೆದು ಅಂಗೈಗೆ ಮಸೆದ.

"ಅರ್ಧ ಗಡ್ಡ ಹಂಗೇ ಐತಲ್ಲ ಅಳಿಯಂದ್ರೇ. ಕೂತ್ಕಳಿ, ನಾನು ಹೆರೀತೀನಿ. ಕತ್ತು ಮೇಲಕ್ಕೆತ್ತಿ."

ಗಂಡ ದೇವಕಿಯ ಮುಖ ನೋಡಿದ.

ಅವಳು ಹೋಗಿ ಬಾಗಿಲಿಗೆ ಚಿಲಕ ಹಾಕಿದಳು.