ಎಡಕ್ಕೆ ವಾಲಿದ ಗಂಟು

"ಡಿಲಿವರಿ ಪೀಛೇ ಸೇ," ಎಂದ ಕಾವಲುಗಾರ, ಗಾಜಿನ ಬಾಗಿಲಿಗೆ ಅಡ್ಡ ನಿಂತು ಹಿಂಬದಿಯತ್ತ ಕೈ ತೋರಿಸುತ್ತ.

"ಡಿಲಿವರಿ ಅಲ್ಲೋ ಯಪ್ಪಾ," ಎಂದು ಶುರುಮಾಡಿದ ಶಿವರಾಯ ಅವನಿಗೆ ಕನ್ನಡ ಬಾರದೆಂಬುದು ನೆನಪಾಗಿ ಹಿಂದಿ ಭಾಷೆಗೆ ಹೊರಳಿದ. "ಗಿರಾಕ್ ಹೈ ಹಮ್. ಆಜ್ ಇಸ್ಕಾ ಜನಮ್‌ದಿನ್ ಹೈ."

ಹಿಂದೆ ನಿಂತಿದ್ದ ಮಾನಮ್ಮ ಗಂಡನ ಅಂಗಿ ಜಗ್ಗಿದಳು. ಜನವರಿ ಒಂದು ಎಂಬುದು ಆಧಾರ್ ಕಾರ್ಡಿನವರು ಕೊಟ್ಟ ತಾರೀಕು. "ಸುಳ್ಳ್ಯಾಕ ಹೇಳ್ತಿ? ನಮ್ಮೂರಾಗ ಅರ್ಧ ಮಂದಿ ಇವತ್ತೇ ಹುಟ್ಯಾರ."

"ಹುಟ್ಟಲಿ. ಅವರನ್ನೆಲ್ಲಾ ನಾ ಮದಿವಿ ಆಗಿಲ್ಲಲಾ."

ಘೋಡಬಂದರ್ ರಸ್ತೆಯ ಆ ಚಾಕಲೇಟ್ ಅಂಗಡಿ ಅವರ ಖೋಲಿಗಿಂತ ದೊಡ್ಡದೇನೂ ಇರಲಿಲ್ಲ. ಕಾವಲುಗಾರ ಸರಿದು ದಾರಿ ಬಿಟ್ಟ. ಒಳಗಿನ ತಣ್ಣನೆ ಗಾಳಿಯ ಜೊತೆ ಚಾಕಲೇಟಿನ ವಾಸನೆ ಮೂಗಿಗೆ ತಾಗಿದ್ದೇ ಮಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಡಿಯ ಒಡತಿ ಶ್ರೀಪ್ರಿಯಾ ಅವರ ಮಾತು ಕೇಳಿ ಮುಂದೆ ಬಂದಳು. "ಅಯ್ಯೋ, ಕನ್ನಡದವರಾ? ನಮ್ಮದು ಉಡುಪಿ. ಅಮ್ಮನಿಗೆ ಈ ವಾಸನೆ ಆಗೋದಿಲ್ವಾ?"

"ಆಗೂದಿಲ್ಲ ಅಂದ್ರ ಹ್ಯಾಂಗ್ರೀ ಅಕ್ಕಾರ?" ಶಿವರಾಯ ನಕ್ಕ. "ರಬಾಳೆ ಕಾರ್ಖಾನ್ಯಾಗ ಆರು ವರ್ಷದಿಂದ ಇದನ್ನೇ ಡಬ್ಬಿಗೆ ತುಂಬ್ತಾಳ. ಚಾಕಲೇಟಿನ ಮುಂದ ಬಾಯಿ ಮುಚ್ಚಬೇಕು, ಅಲ್ಲಿ ಕಾನೂನು ಅದು. ಸಂಜಿಗೆ ಬಿಡೂ ಮುಂದ ಗೇಟಿನಾಗ ಸಾಲು ಹಚ್ಚಿ, ಬಾಯಿ ತಗಿಸಿ, ಬ್ಯಾಟರಿ ಬಿಟ್ಟು ನೋಡ್ತಾರ. ನಾಲಿಗಿ ಮ್ಯಾಲ ಬಣ್ಣ ಕಂಡ್ರ ಮರುದಿನ ಕೆಲಸ ಇಲ್ಲ. ರುಚಿ ಹ್ಯಾಂಗದ ಅಂತ ನಾ ಕೇಳಿದಾಗೆಲ್ಲ, ನನಗೇನ್ ಗೊತ್ತು ಅಂತಾಳ. ಇವತ್ತು ಗೊತ್ತಾಗ್ಲಿ."

ಶ್ರೀಪ್ರಿಯಾಳ ನಗು ಅಲ್ಲೇ ನಿಂತಿತು. ಕಪಾಟಿನಲ್ಲಿ ಪೇರಿಸಿದ್ದ ಡಬ್ಬಿಗಳೆಲ್ಲ ರಬಾಳೆಯ ಆ ಕಾರ್ಖಾನೆಯಿಂದಲೇ ಬಂದವು. ಮುಚ್ಚಳದ ಮೇಲೆ 'ಕೈಯಿಂದ ಮಾಡಿದ್ದು' ಎಂದು ಬಂಗಾರದ ಇಂಗ್ಲಿಷ್ ಅಕ್ಷರ. ಆ ಮಾತನ್ನು ಆರಿಸಿದವಳು ಅವಳೇ. ಯಾರ ಕೈ ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ. ಸ್ಯಾಂಪಲ್ ತಟ್ಟೆಯನ್ನು ಅವರತ್ತ ಸರಿಸಿದಳು.

"ಪುಕ್ಕಟೆ ಬ್ಯಾಡ್ರೀ," ಎಂದ ಶಿವರಾಯ. "ಪುಕ್ಕಟೆ ತಿನ್ನೂದಿದ್ರ ಅಲ್ಲೇ ಕದ್ದು ತಿಂತಿದ್ಳು. ಕೊಂಡು ತಿನ್ಬೇಕು. ಒಂದೇ ಒಂದು ಸಿಗ್ತದೇನು?"

"ಒಂದೂ ಕೊಡ್ತೇನೆ. ಯಾವುದು ಬೇಕಮ್ಮ?"

ಮಾನಮ್ಮ ಗಾಜಿನೊಳಗಿನ ತಟ್ಟೆಗಳನ್ನು ನೋಡಲೇ ಇಲ್ಲ. ಸೆರಗು ಬಿಡದೆ ಕಪಾಟಿನ ಮೂಲೆಗೆ ಬೆರಳು ತೋರಿಸಿದಳು. "ಆ ಡಬ್ಬಿ. ಅದು ನಂದು."

"ನಿಮ್ಮದಾ?"

"ನಂದು ಎಡಗೈ. ಬಾಕಿ ಹೆಣ್ಮಕ್ಕಳ ರಿಬ್ಬನ್ ಬಲಕ್ಕ ವಾಲ್ತದ, ನಂದು ಎಡಕ್ಕ. ಅದಕ್ಕ ಸೂಪರ್‌ವೈಜರ್ ದಿನಾ ಬೈತಾನ. ಗಂಟು ಸೊಟ್ಟ ಅದ ಅಂತ ಅಂಗಡಿಯವ್ರು ಫೋನ್ ಮಾಡ್ತಾರಂತ."

ಫೋನ್ ಮಾಡಿದವಳೂ ಶ್ರೀಪ್ರಿಯಾಳೇ, ಎರಡು ಸಲ. ಅವಳು ಹೋಗಿ ಆ ಡಬ್ಬಿಯನ್ನು ತಂದು ಮಾನಮ್ಮನ ಮುಂದಿಟ್ಟಳು. "ನೀವೇ ಬಿಚ್ಚಿ."

"ಒಂದಕ್ಕ ಇಡೀ ಡಬ್ಬಿ ಒಡೀತೀರಿ?" ಶಿವರಾಯನಿಗೆ ಗಾಬರಿ.

"ಬಿಲ್ ಒಂದಕ್ಕೇ ಮಾಡ್ತೇನೆ ಮಾರಾಯ್ರೆ. ಬಿಚ್ಚಲಿ ಬಿಡಿ."

ಮಾನಮ್ಮ ಗಂಟಿನ ಮೇಲೆ ಬೆರಳಿಟ್ಟು ತಡೆದಳು. "ಕಟ್ಟೂದಷ್ಟೇ ಗೊತ್ತು. ಒಮ್ಮೆನೂ ಬಿಚ್ಚಿಲ್ಲ." ಆಮೇಲೆ ಎಡಗೈಯಿಂದ ಮೆಲ್ಲಗೆ ಎಳೆದಳು. ಒಂದು ಚಾಕಲೇಟ್ ಎತ್ತಿಕೊಂಡವಳು ಗೋಡೆಯ ಕಡೆಗೆ ತಿರುಗಿ ನಿಂತಳು, ಸೆರಗಿನ ಮರೆಯಲ್ಲಿ ತಿನ್ನಲು.

"ಈ ಕಡೆ ತಿರುಗಿ ಅಮ್ಮ. ಇಲ್ಲಿ ಯಾರೂ ಬೈಯೋದಿಲ್ಲ."

ಮಾನಮ್ಮ ತಿರುಗಿದಳು. ಸೆರಗು ಇಳಿಯಿತು. ಅರ್ಧ ಕಚ್ಚಿ ಉಳಿದರ್ಧವನ್ನು ಗಂಡನ ಬಾಯಿಗಿಟ್ಟಳು.

"ಕಹಿ ಅದಲ್ಲೇ!" ಶಿವರಾಯ ಮುಖ ಕಿವುಚಿದ. "ಇದಕ್ಕ ಅಷ್ಟು ಕಾವಲಾ?"

"ತಡಿ. ನುಂಗಬ್ಯಾಡ," ಎಂದಳು ಅವಳು, ಕಣ್ಣು ಮುಚ್ಚಿಕೊಂಡು. "ರುಚಿ ಹಿಂದಿಂದ ಬರ್ತದ."

ಶಿವರಾಯ ಅಗಿಯುವುದನ್ನು ಮರೆತು ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ಕಣ್ಣು ತೆರೆದು, "ಏನ್ ಹಂಗ ನೋಡ್ತಿ? ಮದಿವಿ ಆಗಿ ಇಪ್ಪತ್ತು ವರ್ಷಾತು," ಎಂದು ಅವನ ಮೀಸೆಗೆ ಅಂಟಿದ್ದನ್ನು ಒರೆಸಿದಳು. ಬಿಚ್ಚಿದ ರಿಬ್ಬನ್ನನ್ನು ಮತ್ತೆ ಡಬ್ಬಿಗೆ ಕಟ್ಟಿಟ್ಟಳು. ಎಡಕ್ಕೇ ವಾಲಿಸಿ.

ಒಂದರ ದುಡ್ಡು ಕೊಟ್ಟು ಅವರು ಹೊರಡುವಾಗ ಕಾವಲುಗಾರನೇ ಬಾಗಿಲು ತೆರೆದು ಹಿಡಿದ. ಕಾರ್ಖಾನೆಯ ಗೇಟಿನವರಂಥದ್ದೇ ಅವನ ನೀಲಿ ಸಮವಸ್ತ್ರ ಎದುರಾದದ್ದೇ ಮಾನಮ್ಮನ ಹೆಜ್ಜೆ ನಿಂತಿತು. ಗದ್ದ ಮೇಲೆದ್ದು ಬಾಯಿ ತಾನಾಗಿ ತೆರೆಯಿತು.

"ಕ್ಯಾ ಹುವಾ, ಮೌಸಿ?"

ಶಿವರಾಯ ಅವಳ ಮೊಣಕೈ ಹಿಡಿದ. "ಇದು ಆ ಗೇಟಲ್ಲ, ಮಾನಮ್ಮ. ಬಾಯಿ ಮುಚ್ಚು."

ಅವಳಿಗೂ ಅರಿವಾಯಿತು. ಮುಚ್ಚಲಿಲ್ಲ. ಇನ್ನಷ್ಟು ಅಗಲ ತೆರೆದು, ಕಂದು ಬಣ್ಣದ ನಾಲಿಗೆಯನ್ನು ಬುಡದವರೆಗೂ ಹೊರಚಾಚಿ ಕಾವಲುಗಾರನಿಗೆ ತೋರಿಸಿದಳು.