ತೆಳು ತಂತಿಗಳು

ತನ್ನ ಬೇಸ್ ಗಿಟಾರ್ ದೊಡ್ಡಣ್ಣನ ತೊಡೆಯೇರಿದಾಗ ಇಲ್ಲಿಗೆ ಬರಲೇಬಾರದಿತ್ತು ಎಂದುಕೊಂಡಳು ಅವಳು. ಬೇಸ್ ನುಡಿಸುವವರ ಆ ಕೂಟದಲ್ಲಿ ಪಕ್ಕದವರ ಜೊತೆ ಗಿಟಾರ್ ಅದಲುಬದಲು ಮಾಡಿಕೊಂಡು ನುಡಿಸುವುದು ರೂಢಿ. ಹುಷಾರಿಲ್ಲ ಎಂದು ಮನೆಯಲ್ಲೇ ಉಳಿಯಬಹುದಿತ್ತು.

ಕೂಟದವರೆಲ್ಲ ದೊಡ್ಡಣ್ಣ ಎನ್ನುವ ಆ ಹಿರಿಯನೇ ಅವಳಿಗೆ ಕಲಿಸಿದವನು. ಒಂದು ಸ್ವರ ಮೀಟಿ ನಿಲ್ಲಿಸಿದ. ಮೂರು ತಿಂಗಳ ಹಿಂದೆ ಅಲ್ಲಿ ದಪ್ಪ ತಂತಿಗಳಿದ್ದವು. ಈಗಿದ್ದದ್ದು ಅಂಗಡಿಯಲ್ಲಿ ಸಿಗುವ ಅತಿ ತೆಳುವಾದವು, ಅವೂ ಬಲವಿಲ್ಲದ ಬೆರಳೂ ಒತ್ತಬಹುದಾದಷ್ಟು ಸಡಿಲ. ಅವನ ಕಣ್ಣು ತಂತಿಯಿಂದ ಅವಳ ಎಡಗೈಗೆ ಹರಿಯಿತು. ಮರಗಟ್ಟಿದ ಎರಡು ಬೆರಳುಗಳನ್ನು ಅವಳು ಮಡಚಿಕೊಂಡಳು.

“ಈಗ ನಿನ್ನ ಸರದಿ ತಂಗಿ,” ಎದುರು ಕೂತ ಕನ್ನಡಕದವನು ಕಿಚಾಯಿಸಿದ. “ದೊಡ್ಡಣ್ಣ ಕಟ್ಟಿರೋದು ತಂತಿ ಅಲ್ಲ, ಬಾವಿ ಹಗ್ಗ. ಶನಿವಾರ ಸ್ಟೇಜ್ ಹತ್ತೋಳು ನೀನು, ಇದನ್ನ ಒತ್ತಿ ತೋರ್ಸು ನೋಡೋಣ.”

ಅವಳು ಒತ್ತಿದಳು. ತಂತಿ ಬರೀ ಗೊರಗುಟ್ಟಿತು. ಇನ್ನೊಮ್ಮೆ ಒತ್ತುವ ಮೊದಲೇ ದೊಡ್ಡಣ್ಣ ತನ್ನ ಗಿಟಾರನ್ನು ಅವಳಿಂದ ಮೆಲ್ಲಗೆ ತೆಗೆದುಕೊಂಡ. “ಬಿಡಮ್ಮ, ಇದರ ಕತ್ತು ಬಾಗಿದೆ. ರಿಪೇರಿಗೆ ಕೊಡ್ಬೇಕು ಅಂತಿದ್ದೆ.”

ಹತ್ತು ನಿಮಿಷದ ಹಿಂದಷ್ಟೇ ಅದೇ ಗಿಟಾರನ್ನು ಅವನು ಎಲ್ಲರೆದುರು ನೆಲ ನಡುಗುವಂತೆ ನುಡಿಸಿದ್ದ. ಈಗ ಯಾರೂ ಅವನ ಕಾಲೆಳೆಯಲಿಲ್ಲ. ಕನ್ನಡಕದವನು ಕೂಡ ತಲೆ ತಗ್ಗಿಸಿ, ಇಲ್ಲದ ಧೂಳನ್ನು ತನ್ನ ಗಿಟಾರಿನಿಂದ ಒರೆಸತೊಡಗಿದ.