ಆರುನೂರ ಐವತ್ತು ಪದಗಳ ಅಣ್ಣ

ಏಳನೆಯ ವಯಸ್ಸಿನಲ್ಲಿ ತೀರಿಕೊಂಡ ಅಣ್ಣನೊಬ್ಬನನ್ನು ನುಸೈಬಾ ನಲವತ್ತು ನಿಮಿಷದಲ್ಲಿ ಹುಟ್ಟಿಸಿದಳು. ಬೇರೆ ದಾರಿ ಇರಲಿಲ್ಲ. ದೆಹಲಿ ಕಡೆಯ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕುವವರು ತಮ್ಮ ಬದುಕಿನ ಬಗ್ಗೆ ಆರುನೂರ ಐವತ್ತು ಪದಗಳ ಪ್ರಬಂಧವನ್ನೂ ಕಳಿಸಬೇಕಿತ್ತು. ಅವಳು ಮೊದಲು ಬರೆದ ಮೂರು ಪ್ರಬಂಧಗಳನ್ನೂ ಮಣಿಪಾಲದ ಕೋಚಿಂಗ್ ಸೆಂಟರಿನ ಶಾರ್ಲೆಟ್ ಮಿಸ್ ಹಿಂದಕ್ಕೆ ಕೊಟ್ಟಿದ್ದರು. "ಇಂಗ್ಲಿಷ್ ಎಲ್ಲ ಸರಿ ಉಂಟು, ನೀನು ಮಾತ್ರ ಇಲ್ಲ. ನಿನ್ನನ್ನು ಅಲುಗಾಡಿಸಿದ್ದು ಎಂತದೂ ಇಲ್ವಾ ಮಾರಾಯ್ತಿ? ಮತ್ತೆ ಸಮುದ್ರ ಬೇಡ. ನಿಮ್ಮ ಕಾಪುವಿನವರೆಲ್ಲ ಸಮುದ್ರದ ಬಗ್ಗೆಯೇ ಬರೆಯುವುದು."

ಹಾಗಾಗಿ ಅಣ್ಣ ಕಾರ್ಕಳದ ಹತ್ತಿರದ ಕಲ್ಲಿನ ಕೋರೆಯಲ್ಲಿ, ಮಳೆನೀರು ನಿಂತ ಹೊಂಡದಲ್ಲಿ ಮುಳುಗಿದ. ನುಸೈಬಾ ಮನೆಗೆ ಒಬ್ಬಳೇ ಮಗಳು. ಕಾರ್ಕಳ ಎಂದರೆ ಅವಳಿಗೆ ಬಸ್ಸಿನ ಬೋರ್ಡಿನ ಮೇಲಿನ ಹೆಸರು, ಅಷ್ಟೆ. ಆದರೂ ಎಲ್ಲ ತಾನಾಗಿ ಬಂತು. ಜಾಬಿರ್ ಎಂಬ ಹೆಸರು ಬಂತು. ಬೆಳಿಗ್ಗೆ ಉಮ್ಮನಿಂದ ಬೈಸಿಕೊಂಡು ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದ ಜಾಬಿರ್, ಸಂಜೆ ತಂಗಿಯನ್ನು ಎತ್ತಿಕೊಂಡು ಕೋರೆಗೆ ಹೋದ. ತಂಗಿಯ ಪುಟ್ಟ ಚಪ್ಪಲಿ ನೀರಿಗೆ ಬಿತ್ತು. ಅದನ್ನು ತರಲು ಇಳಿದವನು ಮೇಲೆ ಬರಲಿಲ್ಲ. ಒಂದು ಪದವನ್ನೂ ಅವಳು ತಿದ್ದಬೇಕಾಗಲಿಲ್ಲ. ಎಣಿಸಿದರೆ ಸರಿಯಾಗಿ ಆರುನೂರ ಐವತ್ತು.

ಪ್ರಬಂಧ ಕೊಟ್ಟ ಮೂರನೆಯ ದಿನ ಮಿಸ್ ಅವಳನ್ನು ಕ್ಲಾಸಿನ ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟರು.

"ಪೋಷಕರ ಒಪ್ಪಿಗೆ ಪತ್ರದ ಸಹಿಗೆಂದು ನಿನ್ನೆ ನಿನ್ನ ಉಮ್ಮನಿಗೆ ಫೋನ್ ಮಾಡಿದ್ದೆ. ಜಾಬಿರ್ ವಿಷಯ ಓದಿ ಬೇಸರವಾಯಿತು ಅಂತ ಹೇಳಿದೆ. ಪಾಪ, ತುಂಬಾ ಹೊತ್ತು ಮಾತಾಡಿದರು."

"ಉಮ್ಮ ಎಂತ ಹೇಳಿದರು ಮಿಸ್?"

"ಆ ಚಪ್ಪಲಿ ನೀಲಿಯದಂತೆ ಅಲ್ವಾ? ನೀನು ಬಣ್ಣ ಬರೆಯಲೇ ಇಲ್ಲ. ಸೇರಿಸು."

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪು ಮುಟ್ಟುವವರೆಗೂ ನುಸೈಬಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಉಮ್ಮನಿಗೆ ತನ್ನ ಸುಳ್ಳು ಗೊತ್ತಾಗಿದೆ. ಮಿಸ್ ಎದುರು ಮಗಳ ಮಾನ ಉಳಿಸಲು ತಾನೂ ನಾಲ್ಕು ಮಾತು ಸೇರಿಸಿದ್ದಾಳೆ. ಬೇರೆ ಎಂತದೂ ಇರಲಿಕ್ಕಿಲ್ಲ.

ಉಮ್ಮ ಸಫಿಯಮ್ಮ ಹಿತ್ತಲಿನ ನಲ್ಲಿಯ ಬಳಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು.

"ಉಮ್ಮ, ನನಗೋಸ್ಕರ ಮಿಸ್ ಹತ್ತಿರ ಸುಳ್ಳು ಹೇಳಿದೆಯಾ?"

"ಯಾವ ಸುಳ್ಳು?"

"ಜಾಬಿರ್ ವಿಷಯ."

ಕತ್ತಿ ನಿಂತಿತು. "ಅವನ ನೆನಪು ನಿನಗೆ ಉಂಟು ಅಂತ ಇಷ್ಟು ವರ್ಷ ಒಮ್ಮೆಯೂ ಹೇಳಲಿಲ್ಲವಲ್ಲ ಮಗಳೇ."

ನುಸೈಬಾ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಳು. ಸಫಿಯಮ್ಮ ಮೀನು ತೊಳೆಯುತ್ತಲೇ ಹೇಳಿದಳು. ನುಸೈಬಾಳಿಗೆ ಮೂರು ವರ್ಷ ತುಂಬುವವರೆಗೆ ಅವರು ಕಾರ್ಕಳದಲ್ಲೇ ಇದ್ದರು. ಬಾಪ ಕೋರೆಯ ಲಾರಿ ಓಡಿಸುತ್ತಿದ್ದ. ಅಣ್ಣ ಹೋದ ಮೇಲೆ ಆರು ತಿಂಗಳು ಪುಟ್ಟ ನುಸೈಬಾ ಮುಚ್ಚಿದ್ದ ಬಾಗಿಲುಗಳ ಎದುರೆಲ್ಲ ನಿಂತು ಅವನ ಹೆಸರು ಕರೆದು ಅತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಮರೆತಳು. ಇನ್ನು ಮಗುವಿನ ಎದುರು ಆ ಹೆಸರು ಎತ್ತಬಾರದು ಎಂದು ಬಾಪ ಹೇಳಿದ. ಕಾಪುವಿಗೆ ಬಂದು ಅಂಗಡಿ ಹಾಕಿದ. ಇದ್ದ ಒಂದು ಫೋಟೋವನ್ನೂ ಯಾರಿಗೋ ಕೊಟ್ಟುಬಿಟ್ಟ.

"ಹಾಗಾದರೆ ಅದು ನನ್ನದೇ ನೆನಪು," ಎಂದಳು ನುಸೈಬಾ. ಹಾಗೆ ಹೇಳಿದ ಮೇಲೆ ಸ್ವಲ್ಪ ಉಸಿರು ಬಂತು.

"ನೀನು ಬರೆದದ್ದನ್ನು ಒಮ್ಮೆ ಓದಿ ಹೇಳು. ನನಗೆ ಇಂಗ್ಲಿಷ್ ಬರುವುದಿಲ್ಲವಲ್ಲ."

ಅವಳು ಮೊಬೈಲಿನಲ್ಲಿದ್ದ ಪ್ರಬಂಧವನ್ನು ಮನೆಮಾತಾದ ಬ್ಯಾರಿಯಲ್ಲಿ ಹೇಳುತ್ತಾ ಹೋದಳು. ಗಂಜಿಯ ಮಾತು ಬಂದಾಗ ಸಫಿಯಮ್ಮ ಒದ್ದೆ ಕೈಯೆತ್ತಿ ತಡೆದಳು.

"ಅದು ನಿನಗೆ ಹೇಗೆ ಗೊತ್ತು?"

"ನೆನಪು..."

"ಅವನು ಗಂಜಿ ಬಿಟ್ಟು ಎದ್ದಾಗ ನೀನು ಒಳಗೆ ಒಳ್ಳೆಯ ನಿದ್ದೆಯಲ್ಲಿದ್ದೆ. ಬೈದದ್ದು ನಾನು, ಕೇಳಿದ್ದು ಅವನು. ಮೂರನೆಯವರು ಅಲ್ಲಿ ಇರಲಿಲ್ಲ. ಬಾಪನಿಗೂ ನಾನು ಇವತ್ತಿನವರೆಗೆ ಹೇಳಿಲ್ಲ."

ನಲ್ಲಿಯ ನೀರು ಬಕೆಟ್ ತುಂಬಿ ಹೊರಗೆ ಹರಿಯುತ್ತಿತ್ತು. ಇಬ್ಬರೂ ನಿಲ್ಲಿಸಲು ಹೋಗಲಿಲ್ಲ.

"ನನಗೆ ಹೆದರಿಕೆಯಾಗುತ್ತದೆ ಉಮ್ಮ. ಇದನ್ನು ಅಳಿಸಿಬಿಡುತ್ತೇನೆ."

"ಬೇಡ!" ಸಫಿಯಮ್ಮ ಎಂದೂ ಇಲ್ಲದಷ್ಟು ಜೋರಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಅವನ ಬಗ್ಗೆ ಬರೆದದ್ದು ಈ ಲೋಕದಲ್ಲಿ ಅದೊಂದೇ."

"ಅವನು ಇಳಿದದ್ದು ನನ್ನ ಚಪ್ಪಲಿಗಾಗಿಯೇ ಅಲ್ವಾ?"

"ಚಪ್ಪಲಿ ಬಿತ್ತು. ಎರಡೂವರೆ ವರ್ಷದ ಕಾಲಿನಿಂದ ಚಪ್ಪಲಿ ಬೀಳದೆ ಇರುತ್ತದಾ?" ಸಫಿಯಮ್ಮ ಎದ್ದು ನಲ್ಲಿ ನಿಲ್ಲಿಸಿದಳು. "ಆ ಅರ್ಜಿಯಲ್ಲಿ ಅವನ ಹೆಸರು ಹಾಕುವ ಜಾಗ ಉಂಟಾ, ನೋಡು."

ಇತ್ತು. ಒಡಹುಟ್ಟಿದವರ ಕಾಲಂನಲ್ಲಿ ನುಸೈಬಾ ಎಂಟು ದಿನದ ಹಿಂದೆ 'ಯಾರೂ ಇಲ್ಲ' ಎಂದು ತುಂಬಿದ್ದಳು. ಅದನ್ನು ತೆಗೆದು 'ಜಾಬಿರ್' ಎಂದು ಬರೆದಳು. ಕೆಳಗೆ ಇನ್ನೊಂದು ಚೌಕ ತೆರೆದುಕೊಂಡು ವಯಸ್ಸು ಕೇಳಿತು.

"ಏಳು ಅಂತ ಹಾಕಲಾ ಉಮ್ಮ?"

"ಏಳು ಎಂತಕ್ಕೆ?" ಸಫಿಯಮ್ಮ ಮೀನಿಗೆ ಉಪ್ಪು ಸವರುತ್ತಾ, ತಲೆಯೆತ್ತದೆ ಹೇಳಿದಳು. "ಇಪ್ಪತ್ತೆರಡು ಅಂತ ಹಾಕು. ರಜಬ್ ತಿಂಗಳಿಗೆ ಇಪ್ಪತ್ತಮೂರು."